ಮೂರನೆಯ ಬಡಿತ ಮೆತ್ತಗೆ

ಭಾನುವಾರ, ನಾಲ್ಕನೇ ತಾರೀಖು
ಬೆಳಗಿನ ಕಾಫಿ ಆದ ಮೇಲೆ

ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಕ್ಷೇಮ. ಕಾರ್ಯಕ್ರಮ ಹೇಗಿತ್ತು ಅಂತ ನೀನು ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಾನು ‘ಚೆನ್ನಾಗಿತ್ತು’ ಅಂತ ಹೇಳಿ ಇಟ್ಟುಬಿಟ್ಟೆ. ಕೋಪ ಮಾಡಿಕೊಳ್ಳಬೇಡ. ನಿಮ್ಮಪ್ಪನಿಗೆ ಕಿವಿ ಮಂದವಾದಾಗಿನಿಂದ ಫೋನನ್ನು ಜೋರಾಗಿ ಇಟ್ಟು ಪಕ್ಕದಲ್ಲೇ ಕೂರುತ್ತಾರೆ. ನಾನು ಹೇಳಬೇಕಾದ ಮಾತನ್ನು ಪಕ್ಕದ ಮನೆಯವರೂ ಕೇಳಿಸಿಕೊಳ್ಳುವುದು ಬೇಡ ಅಂತ ಪೆನ್ನು ಹಿಡಿದಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಮೊಮ್ಮಗಳು ನಗುತ್ತಾಳೆ, ನಗಲಿ. ಅವಳ ಅಕ್ಷರ ನೋಡಿದ್ದೇನೆ, ಕೋಳಿ ಕೆದರಿದ ಹಾಗಿದೆ.

ಮೊದಲು ನಿನಗೆ ಬೈಯಬೇಕು. ಎರಡು ಟಿಕೆಟ್ ಕಳಿಸಿದ್ದು ಸರಿ. ಜೊತೆಗೆ, ಹಾಡುವವರ ಕೋಣೆಗೆ ಬಿಡುತ್ತಾರೆ ಅಂತ ಕೈಗೆ ಕಟ್ಟಿಕೊಳ್ಳುವ ಹಳದಿ ಪಟ್ಟಿ ಬೇರೆ ಯಾಕೆ ಕಳಿಸಿದೆ? ಅಪ್ಪನಿಗೆ ಹಳೆಯ ಗೆಳೆಯರು ಸಿಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ, ಗೊತ್ತು. ಆದರೆ ಆ ಪಟ್ಟಿ ನೋಡಿದಾಗಿನಿಂದ ಹತ್ತು ದಿನ ನನಗೆ ಊಟ ಸೇರಲಿಲ್ಲ. ಶನಿವಾರ ಬೆಳಿಗ್ಗೆ ನಿಮ್ಮಪ್ಪನ ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. “ಹಾಡು ಕೇಳೋಕೆ ಕನ್ನಡಕ ಯಾಕೆ ಬೇಕು, ನಡಿಯೇ” ಅಂದರು. ಸೊಂಟ ಹಿಡಿದಿದೆ ಅಂದೆ. “ಬಸ್ಸಲ್ಲಿ ಕೂತ್ಕೊಂಡೇ ಹೋಗೋದಲ್ವಾ” ಅಂದರು. ಆ ಮನುಷ್ಯ ಅಷ್ಟು ಹಟ ಹಿಡಿದದ್ದನ್ನು ನಮ್ಮ ಮದುವೆಯಾದ ಮೇಲೆ ನಾನು ನೋಡಿಯೇ ಇಲ್ಲ.

ನನಗೆ ಯಾಕೆ ಅಷ್ಟು ಭಯ ಅಂತ ಈಗ ಹೇಳುತ್ತೇನೆ. ಕೂತುಕೊಂಡು ಓದು.

ನಿನ್ನೆ ಹಾಡಿದ ಆ ತಂಡದಲ್ಲಿ ನಿಮ್ಮಪ್ಪ ಮೊದಲು ಡ್ರಮ್ ಬಾರಿಸುತ್ತಿದ್ದರು ಅನ್ನುವುದು ನಿನಗೆ ಗೊತ್ತು. ಹೆಂಡತಿ ಬಸುರಿಯಾದಳು, ಗ್ಯಾರೇಜಿನ ಕೆಲಸ ಜಾಸ್ತಿಯಾಯಿತು, ಬಿಟ್ಟರು ಅಂತ ನಾನೇ ನಿನಗೆ ಹೇಳಿದ್ದೆ. ಅದರಲ್ಲಿ ಅರ್ಧ ನಿಜ. ಆಗ ನಾನು ಸೋಫಾ ಅಂಗಡಿಯಲ್ಲಿ ಗವಸು ಹೊಲಿಯುತ್ತಿದ್ದೆ. ಮಹಡಿಯ ಮೇಲೆ ಸ್ಪಂಜು ತುಂಬಿಡುವ ಕೋಣೆ. ಸ್ಪಂಜು ಸದ್ದು ನುಂಗುತ್ತದೆ ಅಂತ ಈ ನಾಲ್ವರು ಅಲ್ಲೇ ಬಾರಿಸುತ್ತಿದ್ದರು. ನುಂಗುತ್ತಿತ್ತು ಅಂತ ಅವರು ತಿಳಿದಿದ್ದರು ಅಷ್ಟೆ, ಕೆಳಗೆ ಕೂತ ನನ್ನ ತಲೆ ಸಿಡಿಯುತ್ತಿತ್ತು. ಊಟದ ಹೊತ್ತಾದರೆ ನಾನು ಬಟ್ಟೆ ಅಳೆಯುವ ಗಜಕಡ್ಡಿಯಿಂದ ತಲೆ ಮೇಲಿನ ಚಾವಣಿಗೆ ಮೂರು ಸಲ ಬಡಿಯುತ್ತಿದ್ದೆ. ನಿಮ್ಮಪ್ಪ ಇಳಿದು ಬರುತ್ತಿದ್ದರು. ಮೂರು ಬಡಿದರೆ ‘ಬಾ’ ಅಂತ ಅರ್ಥ.

ಅವರ ಮೊದಲ ಕ್ಯಾಸೆಟ್ಟನ್ನು ಆ ಕೋಣೆಯಲ್ಲೇ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದರು. ಮಿಷನ್ನು ಬಾಡಿಗೆಗೆ ತಂದದ್ದು, ಸಂಜೆಗೆ ವಾಪಸ್ ಕೊಡಬೇಕು, ಏನೇ ಆದರೂ ಮೇಲೆ ಬರಬೇಡ ಅಂತ ನನಗೆ ಹೇಳಿದ್ದರು. ಮಧ್ಯಾಹ್ನ ನನಗೆ ನೋವು ಶುರುವಾಯಿತು. ನೀನು ಎರಡು ವಾರ ಮೊದಲೇ ಹೊರಟಿದ್ದೆ, ಆಗಲೂ ನಿನಗೆ ಆತುರವೇ. ಮೇಲೆ ಹೋಗಲಿಲ್ಲ. ಗಜಕಡ್ಡಿ ತೆಗೆದುಕೊಂಡು, ಮೇಲೆ ಡ್ರಮ್ ತುಸು ನಿಂತಾಗ ಬಡಿದೆ. ಎರಡು ಸಲ ಜೋರಾಗಿ. ಮೂರನೆಯ ಸಲಕ್ಕೆ ನೋವು ಎದ್ದು ಕೈ ಸೋತುಹೋಯಿತು, ಮೆತ್ತಗೆ ತಾಗಿತು ಅಷ್ಟೆ. ನಿಮ್ಮಪ್ಪ ಕೋಲು ಎಸೆದು ಓಡಿ ಬಂದರು. ರಾತ್ರಿಯೊಳಗೆ ನೀನು ಹುಟ್ಟಿದೆ. ಹಾಡು ಕೆಟ್ಟಿತು ಅಂತ ನನಗೆ ನಾನೇ ತಿಳಿದುಕೊಂಡೆ.

ನಿನಗೆ ಹದಿನೈದು ದಿನವಾದಾಗ ಒಂದು ಕಾರ್ಡು ಬಂತು. ಹಾಡುತ್ತಿದ್ದನಲ್ಲ ಉದ್ದನೆಯವ, ಅವನು ಬೇರೆ ಊರಿನಿಂದ ಬರೆದದ್ದು. ದೊಡ್ಡ ಕಂಪನಿ ಒಪ್ಪಿದೆ, ವರ್ಷ ಪೂರ್ತಿ ಊರೂರು ಸುತ್ತಬೇಕು, ಹತ್ತನೇ ತಾರೀಖಿನೊಳಗೆ ಬಂದು ಸೇರು, ಇಲ್ಲವಾದರೆ ಬೇರೆಯವನನ್ನು ಹುಡುಕುತ್ತೇವೆ ಅಂತ ಇತ್ತು. ಮನೆಯಲ್ಲಿ ನಾನೊಬ್ಬಳೇ. ನಿನ್ನನ್ನು ಮಡಿಲಲ್ಲಿ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಎದ್ದು ಹೋಗಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ದಾರದ ಬಾಬಿನ್ ತಟ್ಟೆಯ ಅಡಿಗೆ ತಳ್ಳಿದೆ.

ಯಾರಿಗೂ ಹೇಳಲಿಲ್ಲ. ಹಸಿ ಬಾಣಂತಿಯನ್ನು ಬಿಟ್ಟು ಗಂಡ ಹೋಗಿಬಿಟ್ಟರೆ ಗತಿ ಏನು ಅಂತ ಹೆದರಿದೆ ಅಂದರೆ ನೀನು ನಂಬುತ್ತೀಯ. ಅದೂ ಸುಳ್ಳೇ. ಗತಿ ನನಗೆ ನನ್ನ ಕೈಯಲ್ಲೇ ಇತ್ತು, ಹೊಲಿದು ಬದುಕುತ್ತಿದ್ದೆ. ನಾವಿಬ್ಬರಿಲ್ಲದೆಯೂ ಅವರು ಸಂತೋಷವಾಗಿ ಇರಬಲ್ಲರು ಅನ್ನುವುದಕ್ಕೆ ಹೆದರಿದೆ. ಅದು ನಿಜ.

ಆಮೇಲೆ ಆ ಮೂವರು ಎಲ್ಲಿಗೋ ಹೋದರು. ಗೋಡೆಗೋಡೆಗೂ ಅವರ ಮುಖ. ನಿಮ್ಮಪ್ಪ ಬಸ್ ಡಿಪೋದಲ್ಲಿ ಗಾಡಿಗಳ ಅಡಿಗೆ ಮಲಗಿ ನಟ್ಟು ಬಿಗಿದರು. ಊಟಕ್ಕೆ ಕೂತರೆ ಚಮಚದಲ್ಲಿ ತಟ್ಟೆಗೆ ಬಡಿಯುತ್ತಿದ್ದರು. ನಾನು ಚಮಚ ಕಸಿದುಕೊಳ್ಳುತ್ತಿದ್ದೆ. ರೇಡಿಯೊದಲ್ಲಿ ಉದ್ದನೆಯವನ ದನಿ ಬಂದರೆ ಅದರ ಕಿವಿ ತಿರುಚಿ ಬಾಯಿ ಮುಚ್ಚಿಸುತ್ತಿದ್ದೆ. ‘ಅಮ್ಮನಿಗೆ ಆ ಗದ್ದಲ ಆಗಲ್ಲ’ ಅಂತ ನೀನು ಗೆಳತಿಯರಿಗೆ ಹೇಳುತ್ತಿದ್ದೆ. ಗದ್ದಲ ಅಲ್ಲ ಕಣೇ, ಆಗದೇ ಇದ್ದದ್ದು ಬೇರೆ. ಹೀಗಾಗಿ ಆ ಮೊದಲ ಕ್ಯಾಸೆಟ್ಟನ್ನು ನಲವತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ಪೂರ್ತಿ ಕೇಳಿದವಳಲ್ಲ. ನಿನ್ನೆಯೋ, ಅದನ್ನೇ ಮೊದಲಿಂದ ಕೊನೆಯವರೆಗೆ ನುಡಿಸುತ್ತೇವೆ ಅಂತ ಬೋರ್ಡು ಹಾಕಿದ್ದರು.

ಮಧ್ಯಾಹ್ನ ಮೂರಕ್ಕೇ ಶುರು. ಮುದುಕರು ಬೇಗ ಮಲಗಬೇಕಲ್ಲ. ಕೇಳಲು ಬಂದವರೂ ಅದೇ ವಯಸ್ಸಿನವರು, ಕರಿ ಬನಿಯನ್ನಿನೊಳಗೆ ಹೊಟ್ಟೆ ತುರುಕಿಕೊಂಡು ಬಂದಿದ್ದರು. ಪರದೆ ಸರಿಯಿತು. ಗುಂಗುರು ಅಂತ ಕರೆಯುತ್ತಿದ್ದ ಗಿಟಾರಿನವನಿಗೆ ಈಗ ತಲೆಯಲ್ಲಿ ಒಂದು ಕೂದಲಿಲ್ಲ, ಕುರ್ಚಿಗೆ ದಿಂಬು ಹಾಕಿಕೊಂಡು ಕೂತಿದ್ದ. ಉದ್ದನೆಯವ ತಾನೇ ಬರೆದ ಹಾಡನ್ನು ಕನ್ನಡಕ ಹಾಕಿಕೊಂಡು ನೋಡಿ ಹಾಡಿದ. ಮೇಲಿನ ಸ್ವರ ಬಂದಾಗ ಮೈಕನ್ನು ಜನರ ಕಡೆ ತಿರುಗಿಸಿಬಿಟ್ಟ. ಜಾಣ. ನಗಬೇಕು ಅಂತ ಬಾಯಿ ತೆರೆದೆ, ನಗು ಬರಲಿಲ್ಲ. ಹಾಡು ಶುರುವಾದರೆ ಅದೇ ಹುಡುಗರು, ಅದೇ ತಲೆ ಸಿಡಿತ. ನಿಮ್ಮಪ್ಪನ ಮಂಡಿ ಕುಣಿಯುತ್ತಿತ್ತು. ನಾನು ವೇದಿಕೆ ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ, ಎಲ್ಲಿ ದುಃಖ ಬರುತ್ತದೋ ಅಂತ.

ಪಕ್ಕದಲ್ಲೊಬ್ಬ ಬ್ಯಾಂಕಿನವನ ಹಾಗಿದ್ದ ಮನುಷ್ಯ ನನ್ನ ಕಡೆ ಬಗ್ಗಿ, “ಅಮ್ಮಾ, ಮೊದಲ ಸಲ ಬಂದಿದ್ದೀರಾ? ಮುಂದಿನ ಹಾಡಲ್ಲಿ ಡ್ರಮ್ ನಿಂತುಬಿಡುತ್ತೆ. ಆಗ ಮೂರು ಸಲ ಕಾಲು ಬಡೀಬೇಕು. ಮೂರನೇದು ಮೆತ್ತಗೆ, ಮರೀಬೇಡಿ” ಅಂತ ಪಾಠ ಹೇಳಿದ. ಕಾಲು ಬಡಿಯಲು ನಾನೇನು ಕುದುರೆಯಾ ಅಂದುಕೊಂಡೆ.

ಮೂರನೆಯ ಹಾಡು. ನಡುವೆ ಡ್ರಮ್ ಥಟ್ಟನೆ ನಿಂತಿತು. ಸಭಾಂಗಣಕ್ಕೆ ಸಭಾಂಗಣವೇ ಕಾಲೆತ್ತಿ ಬಡಿಯಿತು. ಧಡ್. ಧಡ್. ಆಮೇಲೆ ಆ ಸಾವಿರಾರು ಜನ ಒಟ್ಟಿಗೆ, ಮಲಗಿದ ಮಗುವಿನ ಪಕ್ಕ ಹೆಜ್ಜೆ ಇಟ್ಟ ಹಾಗೆ, ಮೆತ್ತಗೆ ಒಂದು.

ಮಗಳೇ, ನನ್ನ ಅಂಗೈ ಬಿಸಿಯಾಯಿತು. ಕಡ್ಡಿ ಹಿಡಿದ ಕೈಗೆ ಗೊತ್ತಾಗದೆ ಇರುತ್ತದೆಯೇ? ನಿಮ್ಮಪ್ಪ ನನ್ನ ಕಿವಿಯ ಹತ್ತಿರ ಬಂದು, “ಗೊತ್ತಾಯ್ತೇನೇ? ನಿನ್ನ ಗಜಕಡ್ಡಿ” ಅಂದರು. ಕ್ಯಾಸೆಟ್ಟಿನಲ್ಲಿ ಅದು ಹಾಗೇ ಉಳಿದುಕೊಂಡಿತ್ತಂತೆ. ಇಷ್ಟು ವರ್ಷ ಎಲ್ಲರಿಗೂ ಗೊತ್ತು, ಬಡಿದವಳಿಗೆ ಮಾತ್ರ ಗೊತ್ತಿಲ್ಲ.

ಮುಗಿದ ಮೇಲೆ ಹಳದಿ ಪಟ್ಟಿ ತೋರಿಸಿ ಒಳಗೆ ಹೋದೆವು. ಈಗ ಕಾರ್ಡಿನ ಮಾತು ಬಂದೇ ಬರುತ್ತದೆ ಅಂತ ನಿಮ್ಮಪ್ಪನ ಬೆನ್ನ ಹಿಂದೆ ನಿಂತೆ. ಬಂತು. ಉದ್ದನೆಯವ ನಿಮ್ಮಪ್ಪನನ್ನು ತಬ್ಬಿಕೊಂಡು ಅತ್ತ, ಮೂಗು ಒರೆಸಿಕೊಂಡ, ನನ್ನ ಕಡೆ ತಿರುಗಿ, “ಅತ್ತಿಗೆ, ನಾನು ಬಾ ಅಂತ ಕಾರ್ಡ್ ಬರೆದರೆ ಇವನು ಏನಂತ ಉತ್ತರ ಬರೆದ ಗೊತ್ತಾ?” ಅಂದ.

ಉತ್ತರವೇ? ಕಾರ್ಡು ನನ್ನ ಡ್ರಾಯರಿನಲ್ಲಿ, ಉತ್ತರ ಎಲ್ಲಿಂದ?

“ನಾವು ಹೊರಡೋ ಹಿಂದಿನ ದಿನ ಬಂತು. ‘ನಾನು ಬರಲ್ಲ, ಬೇರೆಯವನನ್ನ ನೋಡ್ಕೊಳ್ಳಿ. ಆ ಮೂರು ಬಡಿತ ಮಾತ್ರ ತೆಗೀಬೇಡಿ, ಅದು ನನ್ನ ಮಗಳು ಬಂದ ಸದ್ದು.’ ಕಂಪನಿಯವನು ಅದನ್ನ ಅಳಿಸ್ತೀನಿ ಅಂತ ಹಟ ಹಿಡಿದ. ನಾವು ಬಿಡಲಿಲ್ಲ ಅತ್ತಿಗೆ” ಅಂದ.

ನಿಮ್ಮಪ್ಪ ಏನೂ ಆಗದವರ ಹಾಗೆ ಅಲ್ಲಿಟ್ಟಿದ್ದ ಬಿಸ್ಕತ್ತು ತಿನ್ನುತ್ತಿದ್ದರು. “ಮನೇಲಿ ಆಗಲೇ ಒಂದು ಮಗು ಅಳ್ತಿತ್ತು. ನಿನ್ನನ್ನೂ ಸುಧಾರಿಸೋಕೆ ನನ್ನ ಕೈಲಿ ಆಗ್ತಿತ್ತಾ?” ಅಂತ ಉದ್ದನೆಯವನಿಗೆ ಅಂದರು. ಎಲ್ಲರೂ ನಕ್ಕರು. ನನಗೆ ಕುರ್ಚಿ ಬೇಕಾಯಿತು. ಗುಂಗುರು ತನ್ನ ದಿಂಬು ಕೊಟ್ಟ.

ಬಸ್ಸಿನಲ್ಲಿ ಎರಡು ನಿಲ್ದಾಣ ದಾಟಿದೆವು. ಆಮೇಲೆ, ರೀ, ಆ ಕಾರ್ಡು ನಿಮಗೆ ಹೇಗೆ ಸಿಕ್ಕಿತು ಅಂತ ಕೇಳಿದೆ.

“ಮಿಷನ್ನಿಗೆ ಎಣ್ಣೆ ಹಾಕೋನು ಯಾರೇ?” ಅಂದರು.

ತಿಂಗಳ ಮೊದಲ ಭಾನುವಾರ ಮಿಷನ್ನಿಗೆ ಎಣ್ಣೆ ಹಾಕುವುದು ಅವರ ಕೆಲಸ, ನಮ್ಮ ಮದುವೆಯಾದಾಗಿನಿಂದ. ಎಣ್ಣೆ ಡಬ್ಬಿ ಇರುವುದು ಅದೇ ಡ್ರಾಯರಿನಲ್ಲಿ. ಬೆಕ್ಕಿನ ಮುಂದೆ ಹಾಲು ಬಚ್ಚಿಟ್ಟ ಹಾಗೆ ಬಚ್ಚಿಟ್ಟು, ನಲವತ್ತೆರಡು ವರ್ಷ ನಾನೇ ಬುದ್ಧಿವಂತೆ ಅಂದುಕೊಂಡಿದ್ದೆನಲ್ಲ! ಯಾಕೆ ಒಂದು ದಿನವೂ ಕೇಳಲಿಲ್ಲ ಅಂದೆ. “ನೀನಾಗಿ ಹೇಳ್ತೀಯ ಅಂತ ಕಾದೆ. ಆಮೇಲೆ ಮರೆತೇಹೋಯ್ತು” ಅಂದರು. ಬೈಯೋಣ ಅಂತ ತಿರುಗಿದರೆ ಕಿಟಕಿಗೆ ತಲೆ ಒರಗಿಸಿ ಗೊರಕೆ ಹೊಡೆಯುತ್ತಿದ್ದರು. ನಾನು ಅತ್ತೆ. ದುಃಖಕ್ಕಲ್ಲ. ಬಿಗಿಯಾದ ಚಪ್ಪಲಿ ಬಿಚ್ಚಿದಾಗ ಕಾಲಿಗೆ ಆಗುತ್ತದಲ್ಲ, ಹಾಗೆ. ಕಂಡಕ್ಟರಮ್ಮ ನೋಡಿ, ಏನಾಯಿತು ಅಜ್ಜಿ ಅಂದಳು. ಟಿಕೆಟ್ ತೆಗೆದುಕೊಂಡಿದ್ದೇನೆ, ನಿನ್ನ ಕೆಲಸ ನೋಡು ಅಂದೆ.

ರಾತ್ರಿ ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ಅಕ್ಕಿ ಡಬ್ಬಿಯಿಂದ ಕನ್ನಡಕ ತೆಗೆದು ಒರೆಸಿಕೊಟ್ಟೆ. ಎಲ್ಲಿತ್ತು ಅಂತ ಅವರು ಕೇಳಲೂ ಇಲ್ಲ. ಕೇಳುವ ಜಾತಿಯೇ ಅಲ್ಲ. ತಿಂಡಿಗೆ ಕೂತು ಚಮಚದಲ್ಲಿ ತಟ್ಟೆಗೆ ಬಡಿದರು. ಕಸಿದುಕೊಳ್ಳಲಿಲ್ಲ. ಇನ್ನೊಂದು ಚಮಚ ತಂದುಕೊಟ್ಟೆ.

ಮೊಮ್ಮಗಳಿಗೆ ಮುತ್ತು ಕೊಡು. ಆ ಹಾಡು ನಿನ್ನ ಹತ್ತಿರ ಇದ್ದರೆ ಅವಳಿಗೆ ಹಾಕಿ ಕೇಳಿಸು. ಕಾಲು ಬಡಿದರೆ ಮೂರನೆಯದು ಮೆತ್ತಗೆ ಅಂತ ಹೇಳಿಕೊಡು.

ಇಂತಿ ನಿನ್ನ ಅಮ್ಮ,
ಗಜಕಡ್ಡಿಯವಳು

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು, ನಿಮ್ಮಪ್ಪ ಹಾಲು ತರಲು ಹೋದಾಗ ಡ್ರಾಯರ್ ತೆರೆದು ಆ ಕಾರ್ಡು ತೆಗೆದು ನೋಡಿದೆ. ಬಚ್ಚಿಟ್ಟ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಅಂಚಿನಲ್ಲೆಲ್ಲ ಎಣ್ಣೆ ಹೆಬ್ಬೆರಳಿನ ಗುರುತು. ಒಂದಲ್ಲ, ಎರಡಲ್ಲ. ಒಂದರ ಮೇಲೊಂದು ಕೂತು ಕಾಗದ ಗಾಜಿನ ಹಾಗೆ ಆಗಿಹೋಗಿದೆ. ಮರೆತೇಹೋಯಿತಂತೆ. ನಾನು ಎಣಿಸಲಿಲ್ಲ. ಬಾಬಿನ್ ತಟ್ಟೆಯ ಅಡಿಗೆ ತಿರುಗಿ ಇಡಲೂ ಇಲ್ಲ. ಎಣ್ಣೆ ಡಬ್ಬಿಗೆ ಒರಗಿಸಿ, ಕೈಗೆ ಸಿಗುವ ಹಾಗೆ ಇಟ್ಟಿದ್ದೇನೆ. ಇವತ್ತು ತಿಂಗಳ ಮೊದಲ ಭಾನುವಾರ. ಈಗ ಒಳಗೆ ಡ್ರಾಯರ್ ಎಳೆದ ಸದ್ದು ಕೇಳಿಸಿತು. ನಾನು ತಿರುಗಿ ನೋಡುವುದಿಲ್ಲ. ನಿನಗೆ ಬರೆಯುವುದಿದೆಯಲ್ಲ, ಬರೆಯುತ್ತಾ ಇರುತ್ತೇನೆ.