ಅಳಿಸಿದ ಹಗ್ಗದ ನೆರಳು

ಪ್ರೀತಿಯ ಶಶಿ,

ಒಂದೇ ಮನೆಯಲ್ಲಿರುವ ಗಂಡನಿಗೆ ಪತ್ರ ಬರೆಯುವ ಹೆಂಡತಿ ಇಡೀ ರಾಜಗೋಪಾಲನಗರದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ ಹೇಳು? ಮದುವೆಯಾಗಿ ಹನ್ನೊಂದು ವಾರ. ಭಾನುವಾರದಿಂದ ನೀನು ನನ್ನ ಜೊತೆ ಆಡಿರುವುದು ‘ಹೂಂ’, ‘ಊಟ ಆಯ್ತು’, ‘ನೀನ್ ಮಲ್ಕೋ’ ಇಷ್ಟೇ. ಬೆಳಿಗ್ಗೆ ಏಳಕ್ಕೆ ಬೆಳ್ಳಂದೂರಿನ ಸ್ಟುಡಿಯೋಗೆ ಹೊರಟುಬಿಡುತ್ತೀಯ. ಆಮೇಲೆ ದಿನವಿಡೀ ನನಗೆ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಮಷೀನೇ ಗತಿ. ಅದು ಧಡ್ ಎನ್ನುತ್ತದೆ, ನಾನು ಹೂಂ ಎನ್ನುತ್ತೇನೆ. ಹೊಸ ಕೆಲಸಕ್ಕೆ ಸೇರಲು ಇನ್ನೂ ಮೂರು ವಾರವಿದೆ. ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭ, ಆದರೆ ಇಂಗ್ಲಿಷಿನಲ್ಲಿ ನಾನು ಬಹಳ ಜಾಣೆಯ ಹಾಗೆ ಕಾಣಿಸುತ್ತೇನೆ. ಇವತ್ತು ಆ ಜಾಣತನ ಬೇಡ ಅನ್ನಿಸಿತು.

ಭಾನುವಾರ, ನೀನು ಹದಿನಾಲ್ಕು ತಿಂಗಳು ಗ್ರಾಫಿಕ್ಸ್ ವಿಭಾಗದಲ್ಲಿ ದುಡಿದ ಸಿನಿಮಾ ಎಂದು ಮಾವ ಒಂದು ಸಾಲು ಪೂರ್ತಿ ಬುಕ್ ಮಾಡಿಸಿದ್ದರು. ಲಗ್ಗೆರೆಯಿಂದ ಮುನಿಕೃಷ್ಣ ಚಿಕ್ಕಪ್ಪನ ಮನೆಯವರೆಲ್ಲ ಬಂದಿದ್ದರು. ಪರದೆಯ ಮೇಲೆ ಮಗನ ಹೆಸರು ಬರುತ್ತದೆಂದು ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಕೊನೆಗೆ ಹೆಸರುಗಳು ಶುರುವಾದದ್ದೇ ತಡ, ದೀಪ ಹತ್ತಿತು, ಬಾಗಿಲು ತೆರೆಯಿತು, ಹಿಂದಿನವರು ತಳ್ಳತೊಡಗಿದರು. ಅತ್ತೆ ಮೆಟ್ಟಿಲ ಮೇಲೆ ನಿಂತು ಪರದೆಯನ್ನೇ ನೋಡುತ್ತಿದ್ದವರು, ‘ಬಂತು ಕಣ್ರೀ, ನಮ್ ಶಶಿದು ಬಂತು’ ಎಂದರು. ನಾವೆಲ್ಲ ಅದನ್ನೇ ನಂಬಿ ಹೊರಟೆವು. ನೀನೊಬ್ಬ ಮಾತ್ರ ಕೂತೇ ಇದ್ದೆ. ನಾನು ನಿನ್ನ ಕೈ ಹಿಡಿದು ಎಳೆದೆ. ‘ಏಳೋ, ಪಾರ್ಕಿಂಗಲ್ಲಿ ಸಿಕ್ಕಾಕೊಳ್ತೀವಿ’ ಎಂದೆ.

ಆಮೇಲೆ ಹೋಟೆಲಿನಲ್ಲಿ ನಡೆದದ್ದು. ನನ್ನ ಬಾಯಿ ನಿನಗೆ ಗೊತ್ತಲ್ಲ. ಯಾರೂ ಕೇಳದಿದ್ದರೂ ತೀರ್ಪು ಕೊಡಲು ಶುರುಮಾಡಿದೆ. ಮೊದಲ ಮುಕ್ಕಾಲು ಗಂಟೆ ಅದ್ಭುತ ಎಂದೆ, ಅದು ನಿಜವೂ ಹೌದು. ಮುನ್ನೂರು ವರ್ಷದ ನಂತರದ ನಮ್ಮ ಊರು, ಹಾರುವ ಲಾರಿಗಳ ಮುಂದೆಯೂ ನಿಂಬೆಹಣ್ಣು ಮೆಣಸಿನಕಾಯಿ, ಉಸಿರಾಡುವ ಗಾಳಿಗೆ ಸಿಲಿಂಡರ್ ಹಿಡಿದು ಸಾಲು ನಿಂತು ಜಗಳವಾಡುವ ಹೆಂಗಸರು. ಇದನ್ನು ಬೇರೆ ಯಾವ ದೇಶದವರೂ ಕಲ್ಪಿಸಿಕೊಳ್ಳಲಾರರು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾಯಕನನ್ನು ಪರಿಚಯಿಸಲು ಹನ್ನೆರಡು ನಿಮಿಷ ಯಾಕೆ, ಮಂಗಳ ಗ್ರಹದಲ್ಲಿ ಡ್ಯಾನ್ಸ್ ಯಾಕೆ, ವಿಜ್ಞಾನಿಯಾದ ನಾಯಕಿ ಇಂಟರ್‌ವಲ್ ಆದಮೇಲೆ ಎಲ್ಲಿ ಹೋದಳು, ಕೊನೆಯ ಯುದ್ಧದಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆ, ಕಥೆ ಮುಗಿಸದೆ ಎರಡನೇ ಭಾಗ ಎಂದರೆ ಏನರ್ಥ, ಎಲ್ಲವನ್ನೂ ಹೇಳಿದೆ. ಅಷ್ಟು ಕೋಟಿ ಸುರಿದವರು ಕಥೆ ಬರೆಯಲು ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳಬಾರದಿತ್ತೇ ಎಂದಾಗ ಎಲ್ಲರೂ ನಕ್ಕರು. ನಗಿಸುವುದು ನನಗೆ ಇಷ್ಟ. ಈ ಮನೆಯಲ್ಲಿ ಮೊದಲ ಸಲ ಎಲ್ಲರೂ ನನ್ನ ಮಾತಿಗೆ ಕಿವಿಗೊಟ್ಟಿದ್ದರು.

ಆಗ ಚಿಕ್ಕಪ್ಪ ನೀನು ಮಾಡಿದ್ದು ಯಾವುದೆಂದು ಕೇಳಿದರು. ಮುದುಕಿ ಮುರಿದ ಗೋಪುರ ಹತ್ತುವ ಸೀನ್ ಎಂದು ನೀನು ಮೆಲ್ಲಗೆ ಹೇಳಿದೆ. ನಾನು ತಕ್ಷಣ, ‘ಅಯ್ಯೋ, ಅದ್ರಲ್ಲಿ ಗ್ರಾಫಿಕ್ಸ್ ಏನೂ ಇಲ್ವಲ್ಲೋ’ ಎಂದುಬಿಟ್ಟೆ. ಮತ್ತೆ ಎಲ್ಲರೂ ನಕ್ಕರು. ನೀನೂ ನಕ್ಕೆ. ಆಕೆ ಬೀಳದಂತೆ ಕಟ್ಟಿದ್ದ ಹಗ್ಗಗಳನ್ನು ಒಂದೊಂದೇ ಫ್ರೇಮಿನಲ್ಲಿ ಅಳಿಸಿ, ಹಿಂದಿನ ಗೋಡೆಯನ್ನು ಮತ್ತೆ ತುಂಬುವುದು ನಿನ್ನ ಕೆಲಸ ಎಂದು ಮದುವೆಗೆ ಮುಂಚೆ ನೀನು ಎಷ್ಟು ಸಲ ಹೇಳಿದ್ದೆ. ಏನೂ ಇಲ್ಲದ ಹಾಗೆ ಕಾಣಿಸುವುದೇ ಆ ಕೆಲಸ. ಗೊತ್ತಿದ್ದೂ ನಾನು ಹಾಗೆಂದೆ.

ನಿನ್ನೆ ಅತ್ತೆಗೆ ಅಂಗಡಿಗೆ ಹೋಗುತ್ತೇನೆಂದು ಹೇಳಿ ಬೆಳಗಿನ ಆಟಕ್ಕೆ ಒಬ್ಬಳೇ ಹೋದೆ. ಸುತ್ತಲೂ ಖಾಲಿ ಕುರ್ಚಿಗಳು. ಪಕ್ಕದಲ್ಲಿ ನೀನಿಲ್ಲದೆ ನಾನು ಸಿನಿಮಾ ನೋಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಆ ಮುದುಕಿ ಗೋಪುರ ಹತ್ತುವಾಗ ನಾನು ಅವಳನ್ನು ನೋಡಲಿಲ್ಲ. ಅವಳ ಭುಜದ ಮೇಲಿನ ಜಾಗವನ್ನೇ ನೋಡಿದೆ. ನಾಲ್ಕು ನಿಮಿಷ, ಬರೀ ಗಾಳಿ. ಭಾನುವಾರ ಅವಳು ಬಿದ್ದಾಳೆಂದು ನಿನ್ನ ತೋಳು ಹಿಡಿದುಕೊಂಡದ್ದು ನೆನಪಾಯಿತು. ಆ ಭಯವನ್ನು ಕೊಟ್ಟವನ ತೋಳನ್ನೇ ಹಿಡಿದಿದ್ದೆ, ನೋಡು. ಕೋಟಿಗಟ್ಟಲೆ ಖರ್ಚಾದ ಜಾಗದಲ್ಲೆಲ್ಲ ಆ ಸಿನಿಮಾ ನಮ್ಮನ್ನು ಬೆರಗುಗೊಳಿಸಲು ಒದ್ದಾಡುತ್ತದೆ. ಇಲ್ಲಿ ಮಾತ್ರ ನಾವು ಸಿನಿಮಾ ನೋಡುತ್ತಿದ್ದೇವೆ ಎಂಬುದೇ ಮರೆಯುತ್ತದೆ.

ಬೈಯಬೇಡ, ಒಂದು ತಪ್ಪೂ ಕಂಡಿತು. ಅವಳು ಎಡಗಾಲನ್ನು ಕಲ್ಲಿಗೆ ಊರುವಾಗ ಗೋಡೆಯ ಮೇಲೆ ಕೂದಲೆಳೆಯಂಥ ಒಂದು ನೆರಳು. ಹಗ್ಗ ಹೋಗಿದೆ, ನೆರಳು ಉಳಿದಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ನಿನ್ನ ಗುರುತು ಸಿಕ್ಕಿತೆಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಕತ್ತಲಲ್ಲಿ ಒಬ್ಬಳೇ ನಕ್ಕೆ.

ಆಮೇಲೆ ಹೆಸರುಗಳಿಗಾಗಿ ಕೂತೆ. ಕಸ ಗುಡಿಸುವ ಅಕ್ಕ ಬಂದು ನಿಂತರೂ ಏಳಲಿಲ್ಲ. ಊಟ ಒದಗಿಸಿದವರ ಹೆಸರಿತ್ತು, ನಾಯಕನ ಕೂದಲು ಬಾಚಿದವರ ಹೆಸರಿತ್ತು. ನಿಮ್ಮ ಸ್ಟುಡಿಯೋದ ಕೆಳಗೆ ಆರು ಮಂದಿ ದೊಡ್ಡವರ ಹೆಸರು, ಆಮೇಲೆ ‘ಮತ್ತು ತಂಡ’. ನಿನ್ನದಿರಲಿಲ್ಲ.

ಭಾನುವಾರ ನೀನು ಕೂತೇ ಇದ್ದದ್ದು ಅದಕ್ಕೇ, ಅಲ್ಲವಾ? ನೀನು ಕೊನೆಯ ಸಾಲಿನವರೆಗೂ ಕಾದಿದ್ದೆ. ನಾನು ಎಳೆಯುತ್ತಿದ್ದೆ.

ಮನೆಗೆ ಬಂದಾಗ ಅತ್ತೆ ಎದುರುಮನೆಯ ಮಹಾಂತಮ್ಮನಿಗೆ ಹೇಳುತ್ತಿದ್ದರು, ‘ದೊಡ್ಡಕ್ಷರದಲ್ಲೇ ಬಂತು ಕಣೇ. ಓದಕ್ಕೆ ಬರ್ದಿದ್ರೇನು, ನನ್ ಮಗನ ಹೆಸ್ರು ನಂಗೆ ಗೊತ್ತಾಗಲ್ವಾ?’ ನನ್ನನ್ನು ನೋಡಿ, ‘ಅಲ್ವೇನಮ್ಮ?’ ಎಂದರು. ನಾನು ‘ಹೌದತ್ತೆ’ ಎಂದೆ. ಎಂದ ಕೂಡಲೇ ನೀನು ನಾಲ್ಕು ದಿನದಿಂದ ಎಂಥ ಜಾಗದಲ್ಲಿ ಒಬ್ಬನೇ ನಿಂತಿದ್ದೀಯ ಎಂದು ತಿಳಿಯಿತು. ಸುಳ್ಳು ಹೇಳಿದ್ದಕ್ಕಿಂತ, ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲದ್ದು ಕಷ್ಟ.

ಅತ್ತೆಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಆದರೆ ನನಗೆ ಹೇಳು. ಬೇಜಾರಾಯಿತೆಂದು ಹೇಳು, ನಾಲ್ಕು ಜನರೆದುರು ನಾನು ಆಡಿದ್ದು ನೋವಾಯಿತೆಂದು ಹೇಳು, ಬೈದಾದರೂ ಹೇಳು. ನನಗೆ ಈ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ನನ್ನವನು ಎಂದು ನಾನು ಬಂದದ್ದು ನಿನ್ನೊಬ್ಬನನ್ನು ನಂಬಿ. ನೀನು ಹೂಂ ಎಂದು ಗೋಡೆಯ ಕಡೆ ತಿರುಗಿದರೆ, ಇಷ್ಟು ಜನರ ನಡುವೆಯೂ ನಾನು ಒಬ್ಬಳೇ.

ಈ ಪತ್ರ ನಿನ್ನ ಬ್ಯಾಗಿನಲ್ಲಿರುತ್ತದೆ. ಓದಿದ್ದೀಯ ಎಂದು ನನಗೆ ಗೊತ್ತಾಗಬೇಕು. ಸಂಜೆ ಬಂದು ಏನೂ ಹೇಳಲು ತೋಚದಿದ್ದರೆ ‘ಆ ನೆರಳು ನಂದೇ ಕಣೇ’ ಎಂದರೆ ಸಾಕು.

ನಿನ್ನ ಕಣ್ಣುಗಳು ತಣ್ಣಗಿರಲಿ, ನಿನ್ನ ಕೈ ಸೋಲದಿರಲಿ.

ನಿನ್ನವಳೇ ಆದ, ಮಾತು ಜಾಸ್ತಿಯಾದ,
ದೀಪಶ್ರೀ