ಮೊಮ್ಮಗ ಬಿಡಿಸಿದ ಲಂಗ

ಗುರುವಾರ, ಹನ್ನೊಂದನೇ ತಾರೀಖು.

ಸಂಜೆ ಮೊಮ್ಮಗ ತಾನು ಬಿಡಿಸಿದ ಕಾಮಿಕ್ಸ್ ತೋರಿಸಿದ. ಹೈಸ್ಕೂಲು ಹುಡುಗನೊಬ್ಬ ಲಂಗ ತೊಟ್ಟು ಬರುತ್ತಾನೆ, ಜೊತೆಯ ಹುಡುಗ ಅವನನ್ನು ಮೆಚ್ಚುತ್ತಾನೆ. "ಇದು ನಾನೇ ಅಜ್ಜಿ," ಎಂದ, ಲಂಗದ ಹುಡುಗನ ಮೇಲೆ ಬೆರಳಿಟ್ಟು. ಬಟ್ಟೆ ಹೊಲಿಯುವವಳ ಹಾಳು ಕಣ್ಣಿಗೆ ಲಂಗವೊಂದೇ ಕಂಡಿತು.

"ನೆರಿಗೆ ಹೀಗಾ ಇಡೋದು, ಕತ್ತೆ? ಗೋಣಿಚೀಲ ಕಟ್ಟಿದ ಹಾಗಿದೆ!"

"ಹಾಗಾದ್ರೆ ನೀನೇ ಹೊಲಿದುಕೊಡು, ನಾಳೆ ಶಾಲೆಗೆ ಹಾಕ್ಕೊಂಡು ಹೋಗ್ತೀನಿ," ಎಂದು ತಬ್ಬಿಕೊಂಡ. ಬೈದದ್ದನ್ನೇ ಒಪ್ಪಿಗೆ ಎಂದುಕೊಂಡಿದ್ದಾನೆ.

ಅವನ ಚಿತ್ರದಲ್ಲಿ ಆ ಹುಡುಗನ ಮೇಲೆ ಯಾರೂ ಕೈ ಎತ್ತುವುದಿಲ್ಲ. ಶಾಲೆಯ ಗೇಟಿನ ಹತ್ತಿರ ನಿಲ್ಲುವ ಪುಂಡರನ್ನು ನಾನು ದಿನಾ ನೋಡುತ್ತೇನೆ. ಬೇಡವೆನ್ನೋಣವೆಂದರೆ, ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ.

ಹೊಲಿದು ಮುಗಿಸಿದೆ. ಓಡಬೇಕಾಗಿ ಬಂದರೆ ಕಾಲಿಗೆ ತೊಡರದಿರಲಿ ಎಂದು ಲಂಗದ ಕೆಳಸುತ್ತಿನ ಘೇರು ಅಗಲವಾಗಿಯೇ ಬಿಟ್ಟಿದ್ದೇನೆ.