ರಾಣಿಯ ಇನ್ನೊಂದು ಕಣ್ಣು

ಸೆಪ್ಟೆಂಬರ್ 14, ಭಾನುವಾರ
ವಾರದ ರಜೆ ಹೋಯಿತು. ಜೊತೆಗೆ ಕೆಲಸ ಮಾಡುವ ಮೃತ್ಯುಂಜಯ ಬರಲಿಲ್ಲವೆಂದು ಡಯಾಲಿಸಿಸ್ ಸೆಂಟರಿನಿಂದ ಫೋನ್. ಟೆಕ್ನಿಷಿಯನ್ ಅಂದ ಮೇಲೆ ಹೋಗಲೇಬೇಕು. ದಸರಾ ಬಂತೆಂದರೆ ನನಗೆ ಎರಡು ಕೆಲಸ. ಹಳೇ ಗೊಂಬೆಗಳಿಗೆ ಬಣ್ಣ ಹಾಕುವುದು ಅಪ್ಪ ಬಿಟ್ಟುಹೋದದ್ದು. ಎಲ್ಲ ಮುಗಿಯಿತು, ನಮ್ಮ ಸೆಂಟರಿನ ಪೇಷಂಟ್ ಶಾರದಮ್ಮನವರ ಪಟ್ಟದ ರಾಣಿಯೊಬ್ಬಳನ್ನು ಬಿಟ್ಟು. ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿ. ರಾಜ ಸಿದ್ಧ. ರಾಣಿಗೆ ಕಣ್ಣು ಬಾಕಿ... ಅಪ್ಪನ ಕಟ್ಟುಪಾಡು: ಕಣ್ಣು ಬರೆಯುವುದು ಬೆಳಗಿನ ಬಿಸಿಲಲ್ಲಿ ಮಾತ್ರ, ಮಿಂದು, ಬರಿಹೊಟ್ಟೆಯಲ್ಲಿ. ಅಪ್ಪನಿಗೇನು, ಮಾರ್ನಿಂಗ್ ಶಿಫ್ಟ್ ಇರಲಿಲ್ಲ.

ಸೆ. 17, ಬುಧವಾರ
ಮೆಷಿನ್ ಹಾಕುವಾಗಲೇ ಶಾರದಮ್ಮ ಕೇಳಿದರು. "ಧನು, ನಮ್ಮ ರಾಣಿ ಕಣ್ಬಿಟ್ಲೇನಮ್ಮ? ಸೋಮವಾರ ಪಾಡ್ಯ ಕಣೇ. ಮುಂದಿನ ವರ್ಷದ್ದು ಯಾರಿಗ್ಗೊತ್ತು."
ಬರುವ ಭಾನುವಾರ ಅಮಾವಾಸ್ಯೆ. ಅವತ್ತೂ ಬರೆಯುವಂತಿಲ್ಲ. ಮತ್ತೆ ಯಾವಾಗ?

ಸೆ. 19, ಶುಕ್ರವಾರ
ರಾಣಿಯನ್ನು ಬ್ಯಾಗಿನಲ್ಲಿಟ್ಟು ಡ್ಯೂಟಿಗೆ ಒಯ್ದೆ. ಶಾರದಮ್ಮನ ಹಾಸಿಗೆ ಪಕ್ಕದ ಕಿಟಕಿಯಲ್ಲಿ ಒಳ್ಳೆ ಬಿಸಿಲು. ಎಲ್ಲರ ಬಿಪಿ ನೋಡಿ, ಅವರಿಗೆ ಬೆನ್ನು ಮಾಡಿ ಕೂತೆ. ಎಡಗಣ್ಣು ಆಯಿತು. ಹಿಂದೆ ಆಕಳಿಕೆ ಕೇಳಿಸಿತು. ಪೇಷಂಟ್ ಆಕಳಿಸಿದರೆ ಬಿಪಿ ಇಳಿಯುತ್ತಿರಬಹುದು, ತಕ್ಷಣ ನೋಡಬೇಕು — ಹೊಸಬರಿಗೆ ಹೇಳಿಕೊಡುವವಳು ನಾನೇ. ತಿರುಗಲಿಲ್ಲ. ಬಲಗಣ್ಣಿಗೆಂದು ಬ್ರಷ್ ಬಣ್ಣಕ್ಕೆ ಅದ್ದುತ್ತಿದ್ದೆ. ತಿರುಗಿದಾಗ ಶಾರದಮ್ಮನ ಕತ್ತು ವಾಲಿತ್ತು.
ಸಲೈನ್ ಬಿಟ್ಟೆ, ಕಾಲು ಮೇಲೆತ್ತಿದೆ... ಉಳಿದರು. ಇನ್‌ಚಾರ್ಜ್ ಬಿಂದುಮಾಧವ ಸಾರ್ ಓಡಿ ಬಂದರು. "ಎಲ್ಲಿ ಹೋಗಿದ್ರೀ ಧನುಶ್ರೀ?" ಶಾರದಮ್ಮನೇ ಸಣ್ಣ ದನಿಯಲ್ಲಿ, "ಇಲ್ಲೇ ಇದ್ಲು ಕಣ್ರೀ. ನನ್ನ ಕೈ ಹಿಡ್ಕೊಂಡಿದ್ಲು."
ಹಿಡಿದಿರಲಿಲ್ಲ. ನಾಚಿಕೆಯಿಂದ ಸತ್ತಂತಾಯಿತು.

ಸೆ. 22, ಸೋಮವಾರ, ಪಾಡ್ಯ
ಇನ್ನು ನನ್ನಿಂದಾಗದು ಎಂದು ರಾಣಿಯನ್ನು ಹಾಗೇ ಕಳಿಸಿದ್ದೆ. ಶಾರದಮ್ಮನ ಸೊಸೆ ಗಾರ್ಗಿ ಮುಖ ಸಿಂಡರಿಸಿದರಂತೆ, ಒಕ್ಕಣ್ಣಿ ಗೊಂಬೆ ಕೂರಿಸೋದಾ ಅಂತ. ಶಾರದಮ್ಮ ಕೇಳುವವರೇ? "ನಂಗಿಂತ ಅವಳಿಗೇ ಚೆನ್ನಾಗಿ ಕಾಣ್ಸತ್ತೆ ಬಿಡೇ" ಅಂತ ಇವತ್ತು ಮೆಷಿನ್ ಹಾಕುವಾಗ ಹೇಳಿದರು. ನಗಲಾಗಲಿಲ್ಲ ನನಗೆ. ಕೂರಿಸಿದ ಮೇಲೆ ವಿಜಯದಶಮಿ ತನಕ ಗೊಂಬೆ ಕದಲಿಸುವಂತಿಲ್ಲ.

ಅಕ್ಟೋಬರ್ 2, ಗುರುವಾರ, ವಿಜಯದಶಮಿ
ರಜೆ. ಶಾರದಮ್ಮ ಹೇಳಿಕಳಿಸಿದ್ದರು. ಮಿಂದು, ಏನೂ ತಿನ್ನದೆ ರಾಮಕೃಷ್ಣನಗರದ ಅವರ ಮನೆಗೆ ಹೋದೆ. ಗಾರ್ಗಿ ಕಿಟಕಿ ತೆರೆದರು. ಗೊಂಬೆ ಇಳಿಸದೆ, ನಿಂತಲ್ಲೇ ಬರೆಯಬೇಕು. ಬ್ರಷ್ ಎತ್ತಿದೆ, ಮತ್ತೆ ಇಳಿಸಿದೆ. ಶಾರದಮ್ಮ ಗೋಡೆ ಹಿಡಿದು ಬಂದರು. ಸೂಜಿ ಚುಚ್ಚಿಸಿಕೊಂಡು ಊದಿದ ಆ ಕೈಯಿಂದ ನನ್ನ ಮಣಿಕಟ್ಟು ಹಿಡಿದರು.
"ಈಗ ಹಿಡ್ಕೊಂಡಿದೀನಿ. ಬರಿ."
ಬರೆದೆ.
ಸಂಜೆ ಗೊಂಬೆ ಮಲಗಿಸುವ ಶಾಸ್ತ್ರ. ಪಾಪ, ಕಣ್ಣು ಬಿಟ್ಟ ದಿನವೇ ಮಲಗಬೇಕು ರಾಣಿ. "ಇನ್ನೊಂದು ಗಳಿಗೆ ನೋಡ್ಲಿ ಇರೇ" ಎಂದು ಶಾರದಮ್ಮ ತಡೆದರು. ಹಾಗೇ ಆಕಳಿಸಿದರು. ಥಟ್ಟನೆ ತಿರುಗಿ ಕೈ ಹಿಡಿದು ನಾಡಿ ನೋಡಿದೆ. "ನಿದ್ದೆ ಕಣೇ ಹುಚ್ಚಿ" ಅಂತ ನಕ್ಕರು.
ನಾಳೆ ಶುಕ್ರವಾರ. ಮೊದಲ ಶಿಫ್ಟಿನಲ್ಲಿ ಅವರದೇ ಸರದಿ. ಬಿಂದುಮಾಧವ ಸಾರ್ ಬಂದ ಕೂಡಲೇ ಹೇಳಿಬಿಡಬೇಕು — ಅವತ್ತು ನನ್ನ ಕೈಯಲ್ಲಿ ಶಾರದಮ್ಮನ ಕೈ ಇರಲಿಲ್ಲ, ಬ್ರಷ್ ಇತ್ತು.